ಹೊಲ, ನಕ್ಷೆ ಮತ್ತು ಪ್ರಾಧ್ಯಾಪಕ ವೃತ್ತಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪರಿಸರ ಮತ್ತು ಕೃಷಿಯನ್ನು ಅಧ್ಯಯನದ ವಿಷಯವಾಗಿ ಆರಿಸಿಕೊಂಡ ಭೂಗೋಳಶಾಸ್ತ್ರಜ್ಞರ ವೃತ್ತಿಜೀವನದ ಬಗ್ಗೆ ಬಂದಿರುವ ಪತ್ರಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆಯ್ದುಕೊಳ್ಳಲಾಗಿದೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ನಾನು ಭೂಗೋಳಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿ. ಬೇಸಾಯದ ಮೇಲೆ ಸಂಶೋಧನೆ ಮಾಡುತ್ತೇನೆ ಎಂದಾಗಲೆಲ್ಲ, ‘ಅದಕ್ಕೆ ಕೃಷಿ ವಿಜ್ಞಾನಿಗಳಿದ್ದಾರಲ್ಲ, ಅಲ್ಲಿ ನಿಮಗೇನು ಕೆಲಸ?’ ಎಂದು ಕೇಳುತ್ತಾರೆ. ಏನು ಹೇಳಲಿ?

ಉತ್ತರ: ಕೃಷಿ ವಿಜ್ಞಾನಿ ಮುಖ್ಯವಾಗಿ ಒಂದು ತಾಕಿನಲ್ಲಿ ಬೆಳೆ ಹೇಗೆ ಬರುತ್ತದೆ, ಹೇಗೆ ಹೆಚ್ಚು ಬರುವಂತೆ ಮಾಡಬಹುದು ಎಂದು ಕೇಳುತ್ತಾರೆ. ಈ ಬೆಳೆ ಈ ಇಳಿಜಾರಿನಲ್ಲೇ ಏಕಿದೆ, ಪಕ್ಕದ ಇಳಿಜಾರಿನ ಮಣ್ಣು ಉಳಿದಿರುವಾಗ ಇಲ್ಲಿಯ ಮಣ್ಣು ಏಕೆ ಕೊಚ್ಚಿಹೋಗುತ್ತಿದೆ, ಬದು ಹಾಕಬೇಕೋ ಬೇಡವೋ ಎಂಬ ತೀರ್ಮಾನ ನಿಜವಾಗಿ ಯಾರ ಕೈಯಲ್ಲಿದೆ ಎಂದು ಕೇಳುವುದು ಭೂಗೋಳಶಾಸ್ತ್ರಜ್ಞರ ಕೆಲಸ.

ಮಣ್ಣಿನ ಸವಕಳಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಿ. ಅಮೆರಿಕದ ಕೃಷಿ ಇಲಾಖೆ 1965ರಲ್ಲಿ ಪ್ರಕಟಿಸಿದ ಸವಕಳಿ ಸೂತ್ರವು ಮಳೆಯ ಹೊಡೆತ, ಮಣ್ಣಿನ ಗುಣ, ಇಳಿಜಾರಿನ ಉದ್ದ ಮತ್ತು ಕಡಿದು, ಬೆಳೆಯ ಹೊದಿಕೆ, ಸಂರಕ್ಷಣಾ ಕ್ರಮ ಇವುಗಳನ್ನು ಗುಣಿಸಿ ವರ್ಷಕ್ಕೆ ಸರಾಸರಿ ಎಷ್ಟು ಮಣ್ಣು ಕದಲುತ್ತದೆ ಎಂದು ಅಂದಾಜಿಸುತ್ತದೆ. ಅದರ ಹಿಂದಿರುವ ಅಳತೆಗಳು ಸುಮಾರು 22 ಮೀಟರ್ ಉದ್ದ, ಶೇ. 9 ಇಳಿಜಾರಿನ ಪ್ರಮಾಣಿತ ತಾಕಿಗೆ ಹೊಂದಿಸಿದವು. ಆ ಲೆಕ್ಕವನ್ನು ಹಾಗೆಯೇ ಇಡೀ ನದೀಕಣಿವೆಗೆ ಹಿಗ್ಗಿಸಿದರೆ, ಮೇಲಿನ ಹೊಲದಿಂದ ಜಾರಿ ಕೆಳಗಿನ ಹೊಲದಲ್ಲೇ ನಿಂತ ಮಣ್ಣನ್ನೂ ‘ಸಮುದ್ರದ ಪಾಲಾಯಿತು’ ಎಂದು ಎಣಿಸಿದಂತಾಗುತ್ತದೆ. ಇಂಥ ಹಿಗ್ಗಿಸಿದ ಅಂಕಿಗಳು ಸರ್ಕಾರಿ ವರದಿಗಳಲ್ಲಿ ಬಹುಕಾಲ ಓಡಾಡಿವೆ. ಅಳತೆ ಯಾವ ವಿಸ್ತಾರದಲ್ಲಿ ಹೊಂದುತ್ತದೆ, ಯಾವ ವಿಸ್ತಾರದಲ್ಲಿ ಹೊಂದುವುದಿಲ್ಲ ಎಂದು ಪಟ್ಟುಹಿಡಿದು ಕೇಳುವುದು ನಮ್ಮ ಶಾಸ್ತ್ರದ ಹುಟ್ಟುಗುಣ.

ಎರಡನೆಯ ಸಂಗತಿ ಇದಕ್ಕಿಂತ ದೊಡ್ಡದು. ಸೂತ್ರವು ‘ಎಷ್ಟು’ ಎಂಬುದನ್ನು ಹೇಳುತ್ತದೆಯೇ ಹೊರತು ರೈತ ಬದು ಏಕೆ ಹಾಕಲಿಲ್ಲ ಎಂಬುದನ್ನು ಹೇಳುವುದಿಲ್ಲ. ಬ್ರಿಟಿಷ್ ಭೂಗೋಳಶಾಸ್ತ್ರಜ್ಞ ಪಿಯರ್ಸ್ ಬ್ಲೇಕಿ 1985ರಲ್ಲಿ ಈ ಪ್ರಶ್ನೆಯನ್ನು ಕ್ರಮಬದ್ಧವಾಗಿ ಎತ್ತಿ, ಹೊಲದ ಕೊರಕಲಿನಿಂದ ಹೊರಟು ಆ ಹೊಲವನ್ನು ಉಳುವವನ ದುಡಿಮೆ ಮತ್ತು ಸಾಲಕ್ಕೆ, ಅಲ್ಲಿಂದ ಗೇಣಿಯ ಷರತ್ತಿಗೆ, ಅಲ್ಲಿಂದ ಮಾರುಕಟ್ಟೆಯ ಬೆಲೆಗೆ ಮತ್ತು ಸರ್ಕಾರದ ನೀತಿಗೆ ಮೇಲೇರುವ ವಿವರಣೆಯ ದಾರಿಯನ್ನು ತೋರಿಸಿದರು. ಮುಂದಿನ ವರ್ಷ ಜಮೀನು ತನ್ನ ಬಳಿ ಇರುತ್ತದೆಯೋ ಇಲ್ಲವೋ ತಿಳಿಯದ ಗೇಣಿದಾರ, ಹತ್ತು ವರ್ಷದ ನಂತರ ಫಲ ಕೊಡುವ ಕಲ್ಲಿನ ಬದುವಿಗೆ ಇಂದು ಬೆವರು ಸುರಿಸುವುದಿಲ್ಲ. ಅದನ್ನು ಅಜ್ಞಾನ ಎಂದು ಕರೆದು ತರಬೇತಿ ಶಿಬಿರ ಏರ್ಪಡಿಸಿದರೆ ಮಣ್ಣು ನಿಲ್ಲುವುದಿಲ್ಲ. ರಾಜಕೀಯ ಪರಿಸರಶಾಸ್ತ್ರ ಎಂದು ಹೆಸರಾದ ಶಾಖೆ ಬೆಳೆದದ್ದು ಬಹುಮಟ್ಟಿಗೆ ಇಂಥ ವಿಚಾರಗಳಿಂದ. ಆದರೆ ಅಧಿಕಾರ, ಬಂಡವಾಳ ಎಂದು ಮಾತನಾಡುತ್ತ ಮಣ್ಣನ್ನು ಕೈಯಲ್ಲಿ ಹಿಡಿದೇ ನೋಡದ ಭೂಗೋಳಶಾಸ್ತ್ರಜ್ಞರೂ ಈಗ ಸಾಕಷ್ಟು ಇದ್ದಾರೆ. ಅವರ ವಿವರಣೆಯೂ ಅರ್ಧದ್ದೇ ಎಂಬುದು ನನ್ನ ಖಚಿತ ಅಭಿಪ್ರಾಯ.

ಪ್ರಶ್ನೆ: ಪಿಎಚ್.ಡಿ.ಯಿಂದ ಪ್ರಾಧ್ಯಾಪಕ ಹುದ್ದೆಯವರೆಗಿನ ಹಾದಿ ಎಷ್ಟು ಉದ್ದ? ಪ್ರತಿ ಹಂತದಲ್ಲಿ ಏನನ್ನು ನೋಡುತ್ತಾರೆ? ಕ್ಷೇತ್ರಕಾರ್ಯಕ್ಕೆ ಹೆಚ್ಚು ಸಮಯ ಕೊಟ್ಟರೆ ಹಿಂದೆ ಬೀಳುತ್ತೇವೆಯೇ? (ಇದೇ ಅರ್ಥದ ಹಲವು ಪತ್ರಗಳು ಬಂದಿವೆ)

ಉತ್ತರ: ಹಂತಗಳ ಹೆಸರು ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಹಲವೆಡೆ ಸಹಾಯಕ ಪ್ರಾಧ್ಯಾಪಕ, ಸಹ ಪ್ರಾಧ್ಯಾಪಕ, ಪ್ರಾಧ್ಯಾಪಕ ಎಂಬ ಮೂರು ಮೆಟ್ಟಿಲುಗಳಿವೆ. ಬ್ರಿಟನ್ನಿನ ಹಳೆಯ ಕ್ರಮದಲ್ಲಿ ಲೆಕ್ಚರರ್, ಸೀನಿಯರ್ ಲೆಕ್ಚರರ್, ರೀಡರ್ ಹುದ್ದೆಗಳನ್ನು ದಾಟಿ ಪ್ರೊಫೆಸರ್ ಆಗಬೇಕಿತ್ತು. ಜರ್ಮನಿಯಲ್ಲಿ ಪಿಎಚ್.ಡಿ. ಆದ ಮೇಲೂ ಇನ್ನೊಂದು ದೊಡ್ಡ ಪ್ರಬಂಧ ಸಲ್ಲಿಸುವ ಸಂಪ್ರದಾಯ ಬೆಳೆದುಬಂದಿದೆ. ಅಮೆರಿಕದಲ್ಲಿ ಕೆಲಸಕ್ಕೆ ಸೇರಿದ ಆರನೆಯ ವರ್ಷದ ಸುಮಾರಿಗೆ ಕಾಯಂ ಮಾಡಬೇಕೋ ಬೇಡವೋ ಎಂಬ ನಿರ್ಣಯವಾಗುತ್ತದೆ. ಪಿಎಚ್.ಡಿ.ಗೆ ಕೆಲವೆಡೆ ಮೂರು-ನಾಲ್ಕು ವರ್ಷ, ಕೆಲವೆಡೆ ಐದಾರು ವರ್ಷ ಹಿಡಿದು, ನಡುವೆ ತಾತ್ಕಾಲಿಕ ಸಂಶೋಧನಾ ಹುದ್ದೆಗಳಲ್ಲಿ ಇನ್ನೂ ಕೆಲವು ವರ್ಷ ಕಳೆಯುವುದರಿಂದ, ಪೂರ್ಣ ಪ್ರಾಧ್ಯಾಪಕರಾಗುವ ಹೊತ್ತಿಗೆ ನಲವತ್ತು ದಾಟಿರುವುದೇ ಸಾಮಾನ್ಯ. ಪ್ರಕಟಣೆ, ಬೋಧನೆ, ತಂದ ಅನುದಾನ, ವಿಭಾಗದ ಆಡಳಿತಕ್ಕೆ ಕೊಟ್ಟ ಸಮಯ ಈ ನಾಲ್ಕನ್ನು ಎಲ್ಲೆಡೆಯೂ ತೂಗುತ್ತಾರೆ. ತೂಗುವ ಕಲ್ಲು ಮಾತ್ರ ಬೇರೆ.

ನಮ್ಮ ಕ್ಷೇತ್ರದ ವಿಶೇಷ ಕಷ್ಟ ಇರುವುದು ಕಾಲಗಣನೆಯಲ್ಲಿ. ವಿಶ್ವವಿದ್ಯಾಲಯ ಸೆಮಿಸ್ಟರಿನ ಲೆಕ್ಕದಲ್ಲಿ ನಡೆಯುತ್ತದೆ, ಅನುದಾನ ಎರಡು ಅಥವಾ ಮೂರು ವರ್ಷದ ಲೆಕ್ಕದಲ್ಲಿ ಬರುತ್ತದೆ, ಬೇಸಾಯವಾದರೋ ಮಳೆಯ ಲೆಕ್ಕದಲ್ಲಿ ಸಾಗುತ್ತದೆ. ಬಿತ್ತನೆ ನೋಡಬೇಕಾದ ವಾರದಲ್ಲೇ ಪರೀಕ್ಷಾ ಮೇಲ್ವಿಚಾರಣೆ ಇರುತ್ತದೆ. ಸುಗ್ಗಿಯ ಹೊತ್ತಿಗೆ ಹೊಸ ತರಗತಿ ಆರಂಭವಾಗಿರುತ್ತದೆ. ಕನಿಷ್ಠ ಒಂದು ಪೂರ್ಣ ಕೃಷಿ ವರ್ಷವನ್ನು ಕಣ್ಣಾರೆ ಕಾಣದೆ ಮಹಾಪ್ರಬಂಧ ಬರೆಯಬಾರದು ಎನ್ನುವ ಗುಂಪಿಗೆ ಸೇರಿದವನು ನಾನು. ಆ ಒಂದು ವರ್ಷ ಬರಗಾಲದ್ದಾಗಿದ್ದರೆ ಅದರಿಂದ ಸಾಮಾನ್ಯ ವರ್ಷದ ಬಗ್ಗೆ ಏನನ್ನೂ ಹೇಳಲಾಗದು ಎಂಬುದೂ ಅಷ್ಟೇ ನಿಜ. ಮಣ್ಣಿನ ಸಾವಯವ ಇಂಗಾಲದಂಥ ಗುಣ ಬದಲಾಗಿದೆ ಎಂದು ನಂಬಿಕೆಯಿಂದ ಹೇಳಲು ಹಲವೊಮ್ಮೆ ಹತ್ತು ವರ್ಷವಾದರೂ ಬೇಕು. ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ 1843ರಿಂದ ಒಂದೇ ಜಮೀನಿನಲ್ಲಿ ನಡೆಯುತ್ತಿರುವ ಗೋಧಿ ಪ್ರಯೋಗವನ್ನು ಎಲ್ಲರೂ ಹೊಗಳುತ್ತಾರೆ, ಆದರೆ ಅದು ಒಂದು ಸಂಸ್ಥೆಯ ಆಯುಷ್ಯದಿಂದ ಸಾಧ್ಯವಾದದ್ದು. ಒಬ್ಬ ಸಹಾಯಕ ಪ್ರಾಧ್ಯಾಪಕ ಆ ಮಾದರಿಯನ್ನು ಅನುಸರಿಸಲು ಹೊರಟರೆ ಕಾಯಂ ಆಗುವ ಮೊದಲೇ ಹುದ್ದೆ ಕಳೆದುಕೊಳ್ಳುತ್ತಾನೆ.

ಇದಕ್ಕೆ ಅನುಭವಸ್ಥರು ಕಂಡುಕೊಂಡಿರುವ ಉಪಾಯವೆಂದರೆ ಎರಡು ವೇಗದಲ್ಲಿ ಕೆಲಸ ಮಾಡುವುದು. ಜನಗಣತಿ, ಹವಾಮಾನ ದಾಖಲೆ, ಭೂಕಂದಾಯ ಕಡತ, ಉಪಗ್ರಹ ಚಿತ್ರ ಹೀಗೆ ಈಗಾಗಲೇ ಲಭ್ಯವಿರುವ ಸಾಮಗ್ರಿಯಿಂದ ಬೇಗ ಮುಗಿಯುವ ಲೇಖನಗಳನ್ನು ಬರೆಯುತ್ತ, ಅದೇ ಪ್ರದೇಶದ ಕೆಲವೇ ಹಳ್ಳಿಗಳಲ್ಲಿ ನಿಧಾನವಾಗಿ ಬೆಳೆಯುವ ದಾಖಲೆಯೊಂದನ್ನು ಕಟ್ಟಬೇಕು. ಎರಡೂ ಒಂದೇ ಪ್ರದೇಶದ ಮೇಲಿರಬೇಕೆಂಬುದು ಇಲ್ಲಿ ಮುಖ್ಯ. ಪ್ರತಿ ಅನುದಾನಕ್ಕೂ ಹೊಸ ಊರು ಹುಡುಕಿದವರ ಬಯೋಡೇಟಾ ಉದ್ದವಾಗಿರುತ್ತದೆ, ಆದರೆ ಯಾವ ಊರಿನ ಬಗ್ಗೆಯೂ ಅವರು ನಿರ್ಧಾರವಾಗಿ ಮಾತನಾಡಲಾರರು.

ಒಂದೇ ಪ್ರದೇಶಕ್ಕೆ ಅಂಟಿಕೊಂಡರೆ ದೃಷ್ಟಿ ಸಂಕುಚಿತವಾಗುವುದಿಲ್ಲವೇ ಎಂದು ಒಬ್ಬರು ಕೇಳಿದ್ದಾರೆ. ಮೈಕೆಲ್ ಮಾರ್ಟಿಮೋರ್ ಅವರ ವೃತ್ತಿಜೀವನ ಇದಕ್ಕೆ ಉತ್ತರ. ನೈಜೀರಿಯಾದ ವಿಶ್ವವಿದ್ಯಾಲಯಗಳಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ಭೂಗೋಳಶಾಸ್ತ್ರ ಬೋಧಿಸಿದ ಅವರು, ಆ ದೇಶದ ಉತ್ತರದ ಕಾನೊ ನಗರದ ಸುತ್ತಲಿನ ಜನನಿಬಿಡ ಒಣಭೂಮಿಯನ್ನು ವರ್ಷಗಟ್ಟಲೆ ಗಮನಿಸಿದರು. ಗೊಬ್ಬರ, ಜಾನುವಾರು, ಹೊಲದ ಮರಗಳನ್ನು ಜೋಡಿಸಿಕೊಂಡು ಜನ ಅಲ್ಲಿ ಬೇಸಾಯವನ್ನು ಉಳಿಸಿಕೊಂಡಿದ್ದರು. ಆ ತಿಳಿವಳಿಕೆಯೊಂದಿಗೆ ಅವರು ಮೇರಿ ಟಿಫನ್ ಮತ್ತು ಫ್ರಾನ್ಸಿಸ್ ಗಿಚುಕಿ ಅವರ ಜೊತೆ ಕೀನ್ಯಾದ ಮಚಾಕೋಸ್ ಪ್ರದೇಶವನ್ನು ಅಧ್ಯಯನ ಮಾಡಿದರು. 1930ರ ದಶಕದಲ್ಲಿ ವಸಾಹತು ಅಧಿಕಾರಿಗಳು ಸವಕಳಿಯಿಂದ ನಾಶವಾಗುತ್ತಿದೆ ಎಂದು ಬರೆದಿಟ್ಟ ಆ ಜಿಲ್ಲೆಯಲ್ಲಿ, 1990ರ ಹೊತ್ತಿಗೆ ಜನಸಂಖ್ಯೆ ಐದು ಪಟ್ಟಿಗೂ ಹೆಚ್ಚಾಗಿದ್ದರೂ ಇಳಿಜಾರುಗಳು ಮೆಟ್ಟಿಲು ಹೊಲಗಳಾಗಿ, ಸವಕಳಿ ತಗ್ಗಿತ್ತು. ಜನ ಹೆಚ್ಚಿದರೆ ಭೂಮಿ ಹಾಳಾಗುವುದು ಖಂಡಿತ ಎಂಬ ವಾದವನ್ನು 1994ರಲ್ಲಿ ಪ್ರಕಟವಾದ ಆ ಅಧ್ಯಯನ ಅಲುಗಾಡಿಸಿತು. ನೈರೋಬಿಯ ಮಾರುಕಟ್ಟೆ ಮತ್ತು ಅಲ್ಲಿಯ ಸಂಬಳದ ಹಣ ಹತ್ತಿರವಿದ್ದದ್ದರಿಂದ ಇದು ಸಾಧ್ಯವಾಯಿತು, ಬಡ ಕುಟುಂಬಗಳಿಗೆ ಇದರ ಲಾಭ ಸಮನಾಗಿ ಸಿಗಲಿಲ್ಲ ಎಂದು ಆಮೇಲಿನ ಸಂಶೋಧಕರು ತೋರಿಸಿದರು. ಅದೂ ಸರಿಯಾದ ಆಕ್ಷೇಪವೇ. ಹಳೆಯ ದಾಖಲೆ ಇದ್ದದ್ದರಿಂದ ಹೋಲಿಕೆ ಸಾಧ್ಯವಾಯಿತು, ಹೋಲಿಕೆ ಇದ್ದದ್ದರಿಂದ ಆಕ್ಷೇಪವೂ ಸಾಧ್ಯವಾಯಿತು.

ಆದ್ದರಿಂದ ಪಿಎಚ್.ಡಿ. ಹಂತದಲ್ಲಿರುವವರಿಗೆ ನಾನು ಹೇಳುವುದು ಇಷ್ಟು. ಮಣ್ಣಿನ ಮಾದರಿ ತೆಗೆದ ಜಾಗದ ಅಕ್ಷಾಂಶ-ರೇಖಾಂಶ, ಎಷ್ಟು ಆಳದಿಂದ ತೆಗೆದದ್ದು, ಪ್ರಯೋಗಾಲಯದಲ್ಲಿ ಬಳಸಿದ ವಿಧಾನ, ಫೋಟೊ ತೆಗೆಯುವಾಗ ನಿಂತ ಸ್ಥಳ ಮತ್ತು ಕ್ಯಾಮೆರಾದ ದಿಕ್ಕು, ಪ್ರಶ್ನಾವಳಿಯ ಮೂಲ ಪ್ರತಿ ಇವೆಲ್ಲವನ್ನೂ ಇಪ್ಪತ್ತು ವರ್ಷದ ಬಳಿಕ ಬೇರೊಬ್ಬರು ಬಂದು ಅದೇ ಅಳತೆಯನ್ನು ಮತ್ತೆ ಮಾಡುವಂತೆ ಬರೆದಿಡಿ. ಸಾವಯವ ಇಂಗಾಲವನ್ನು 1934ರಷ್ಟು ಹಳೆಯ ವಾಕ್ಲಿ–ಬ್ಲ್ಯಾಕ್ ರಾಸಾಯನಿಕ ವಿಧಾನದಿಂದ ಅಳೆದಿದ್ದೀರೋ, ಯಂತ್ರದಲ್ಲಿ ಸುಟ್ಟು ಅಳೆದಿದ್ದೀರೋ ಎಂಬುದನ್ನು ಬರೆಯದಿದ್ದರೆ ಎರಡು ಕಾಲದ ಅಂಕಿಗಳನ್ನು ಹೋಲಿಸುವುದೇ ಅಸಾಧ್ಯ, ಏಕೆಂದರೆ ಮೊದಲನೆಯ ವಿಧಾನ ಮಣ್ಣಿನ ಇಂಗಾಲವನ್ನೆಲ್ಲ ಹಿಡಿಯುವುದಿಲ್ಲ. ಬಡ್ತಿಯ ಸಮಿತಿ ಇದಕ್ಕೆ ಅಂಕ ಕೊಡುವುದಿಲ್ಲ. ಆದರೂ ನಿಮ್ಮ ವೃತ್ತಿಯ ದ್ವಿತೀಯಾರ್ಧ ನಿಲ್ಲುವುದು ಇದರ ಮೇಲೆಯೇ.

ಪ್ರಶ್ನೆ: ನನಗೆ ಗಣಿತ ಅಷ್ಟಾಗಿ ಬರುವುದಿಲ್ಲ. ಈ ಕ್ಷೇತ್ರ ನನಗೆ ಆಗದೇ?

ಉತ್ತರ: ಆಗುತ್ತದೆ. ಸಂಖ್ಯಾಶಾಸ್ತ್ರವನ್ನು ಮಾತ್ರ ಕಲಿಯಲೇಬೇಕು. ಮಾದರಿ ಆಯ್ಕೆ, ಸರಾಸರಿಯ ದೋಷಮಿತಿ, ಹಿಂಚಲನ ವಿಶ್ಲೇಷಣೆ (ರಿಗ್ರೆಶನ್) ಇಷ್ಟನ್ನು ಸ್ವಂತ ದತ್ತಾಂಶದ ಮೇಲೆ ಮಾಡಿ ಕಲಿತರೆ ಭಯ ಹೋಗುತ್ತದೆ. ಕ್ಷೇತ್ರದ ಜನರ ಭಾಷೆಯನ್ನು ದುಭಾಷಿಯಿಲ್ಲದೆ ಮಾತನಾಡುವಷ್ಟು ಕಲಿಯುವುದು ಇದಕ್ಕಿಂತ ಕಷ್ಟದ ಕೆಲಸ. ಅದರ ಬಗ್ಗೆ ಯಾರೂ ಪತ್ರ ಬರೆದಿಲ್ಲ.

ಪ್ರಶ್ನೆ: ಉಪಗ್ರಹ ಚಿತ್ರಗಳು ಉಚಿತವಾಗಿ ಸಿಗುತ್ತಿರುವಾಗ, ಕಂಪ್ಯೂಟರ್ ತಾನೇ ಬೆಳೆಯನ್ನು ಗುರುತಿಸುತ್ತಿರುವಾಗ, ಹಳ್ಳಿಗೆ ಹೋಗಿ ಕೂರುವ ಹಳೆಯ ಪದ್ಧತಿ ಇನ್ನೂ ಏಕೆ ಬೇಕು?

ಉತ್ತರ: ಭೂಮಿಯ ಚಿತ್ರ ತೆಗೆಯುವ ಅಮೆರಿಕದ ಲ್ಯಾಂಡ್‌ಸ್ಯಾಟ್ ಸರಣಿಯ ಮೊದಲ ಉಪಗ್ರಹ ಹಾರಿದ್ದು 1972ರಲ್ಲಿ. ಆ ಸರಣಿಯ ಇಡೀ ಸಂಗ್ರಹವನ್ನು ಉಚಿತಗೊಳಿಸುವ ನಿರ್ಧಾರವಾದದ್ದು 2008ರಲ್ಲಿ. ಅದಕ್ಕೆ ಮೊದಲು ಒಂದೊಂದು ಚಿತ್ರಕ್ಕೂ ಹಣ ತೆರಬೇಕಿದ್ದುದರಿಂದ ಸಣ್ಣ ವಿಭಾಗಗಳ ಸಂಶೋಧಕರು ಎರಡೋ ಮೂರೋ ಚಿತ್ರ ಕೊಂಡು ತೃಪ್ತಿಪಡುತ್ತಿದ್ದರು. 2015ರಿಂದ ಯುರೋಪಿನ ಸೆಂಟಿನೆಲ್-2 ಉಪಗ್ರಹಗಳು 10 ಮೀಟರ್ ವಿವರದ ಚಿತ್ರಗಳನ್ನು ಕೊಡುತ್ತಿವೆ. ಇದು ನಮ್ಮ ವೃತ್ತಿಯನ್ನು ನಿಜವಾಗಿಯೂ ಬದಲಿಸಿದೆ. ಇದನ್ನು ಕಲಿಯದ ತರುಣ ಸಂಶೋಧಕನಿಗೆ ಇಂದು ಹುದ್ದೆ ಸಿಗುವುದು ಕಷ್ಟ.

ಆದರೆ ಉಪಗ್ರಹ ಕಾಣುವುದು ಪ್ರತಿಫಲಿತ ಬೆಳಕನ್ನು. ಎಲೆ ಕೆಂಪು ಬೆಳಕನ್ನು ಹೀರಿ ಕೆಂಪಿಗೆ ಹತ್ತಿರದ, ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಹಿಂದಕ್ಕೆಸೆಯುವುದರಿಂದ ಹಸಿರಿನ ಪ್ರಮಾಣವನ್ನು ಲೆಕ್ಕ ಹಾಕಬಹುದು. ಆದರೆ ಒಂದೇ ಹೊಲದಲ್ಲಿ ಮೂರು ನಾಲ್ಕು ಬೆಳೆಗಳನ್ನು ಬೆರೆಸಿ ಬಿತ್ತಿದಾಗ, ಹೊಲದ ನಡುವೆ ಮರಗಳಿದ್ದಾಗ, ಹೊಲವೇ ಅರ್ಧ ಎಕರೆಯದ್ದಾದಾಗ ಆ ಲೆಕ್ಕ ಕಲಸಿಹೋಗುತ್ತದೆ. ಮಳೆಗಾಲದ ಬೆಳೆ ಬೆಳೆಯುವ ತಿಂಗಳುಗಳಲ್ಲೇ ಮೋಡ ಕವಿದಿರುತ್ತದೆ. ರೇಡಾರ್ ಚಿತ್ರಗಳು ಮೋಡವನ್ನು ಭೇದಿಸುತ್ತವೆ ನಿಜ, ಅವುಗಳನ್ನು ಓದಲು ಬೇರೆಯೇ ಪರಿಣತಿ ಬೇಕು. ಬೀಳು ಬಿಟ್ಟ ಹೊಲ ಯಾವುದು, ಕೈಬಿಟ್ಟ ಹೊಲ ಯಾವುದು ಎಂಬುದನ್ನು ಆಕಾಶದಿಂದ ನೋಡಿ ಹೇಳುವುದು ಇನ್ನೂ ಕಷ್ಟ, ಏಕೆಂದರೆ ಆ ವ್ಯತ್ಯಾಸ ಇರುವುದು ಒಡೆಯನ ಉದ್ದೇಶದಲ್ಲಿ.

ಚಿತ್ರವನ್ನೂ ಜನರ ಮಾತನ್ನೂ ಒಟ್ಟಿಗೆ ಓದಿದರೆ ಏನಾಗುತ್ತದೆ ಎಂಬುದಕ್ಕೆ ಗಿನಿ ದೇಶದ ಕಿಸಿಡೂಗು ಪ್ರದೇಶದ ಅಧ್ಯಯನವನ್ನು ನಾನು ವಿದ್ಯಾರ್ಥಿಗಳಿಗೆ ತಪ್ಪದೆ ಓದಿಸುತ್ತೇನೆ. ಅದನ್ನು ನಡೆಸಿದ ಜೇಮ್ಸ್ ಫೇರ್‌ಹೆಡ್ ಮತ್ತು ಮೆಲಿಸಾ ಲೀಚ್ ಮಾನವಶಾಸ್ತ್ರಜ್ಞರು. ಅಲ್ಲಿ ಹುಲ್ಲುಗಾವಲಿನ ನಡುವೆ ಪ್ರತಿ ಹಳ್ಳಿಯ ಸುತ್ತಲೂ ದಟ್ಟ ಕಾಡಿನ ತುಣುಕುಗಳಿವೆ. ಒಂದು ಕಾಲದಲ್ಲಿ ಎಲ್ಲೆಡೆ ಹರಡಿದ್ದ ಕಾಡನ್ನು ರೈತರು ಕಡಿದು ಸುಟ್ಟು ಮುಗಿಸಿದ ಮೇಲೆ ಉಳಿದ ಚೂರುಗಳು ಇವು ಎಂದೇ ವಸಾಹತು ಕಾಲದಿಂದ ಅಧಿಕಾರಿಗಳು ನಂಬಿ, ಆ ನಂಬಿಕೆಯ ಆಧಾರದ ಮೇಲೆ ರೈತರಿಗೆ ನಿರ್ಬಂಧಗಳನ್ನೂ ದಂಡಗಳನ್ನೂ ಹೇರಿದ್ದರು. 1952ರ ವೈಮಾನಿಕ ಚಿತ್ರಗಳನ್ನು ಇತ್ತೀಚಿನ ಚಿತ್ರಗಳೊಂದಿಗೆ ಹೋಲಿಸಿ, ಹಿರಿಯರ ನೆನಪುಗಳನ್ನು ದಾಖಲಿಸಿದಾಗ ಕಥೆ ತಲೆಕೆಳಗಾಯಿತು. ಆ ಕಾಡುಗಳನ್ನು ಬೆಳೆಸಿದ್ದೇ ಹಳ್ಳಿಗರು. ಊರ ಸುತ್ತ ಬೆಂಕಿ ಬರದಂತೆ ತಡೆದು, ದನ ಕಟ್ಟಿ, ತೋಟ ಮಾಡಿ ಮಣ್ಣನ್ನು ಹದಗೊಳಿಸಿ ಮರ ಬರುವಂತೆ ಮಾಡಿದ್ದರು. 1996ರಲ್ಲಿ ಇದು ಪುಸ್ತಕವಾಗಿ ಬಂತು. ಬರೀ ಇಂದಿನ ಚಿತ್ರವನ್ನು ನೋಡಿದ್ದರೆ ಯಾವ ಕಂಪ್ಯೂಟರೂ ಹಳೆಯ ತಪ್ಪು ಕಥೆಯನ್ನೇ ಇನ್ನಷ್ಟು ನಿಖರವಾಗಿ ಹೇಳುತ್ತಿತ್ತು.

ಪ್ರಶ್ನೆ: ನಾನು ರೈತ. ನಮ್ಮೂರಿಗೆ ಸಂಶೋಧಕರು ಬರುತ್ತಾರೆ, ಬಿತ್ತನೆಯ ಕಾಲದಲ್ಲೇ ಮೂರು ಗಂಟೆ ಕೂರಿಸಿ ಪ್ರಶ್ನೆ ಕೇಳುತ್ತಾರೆ, ಮಣ್ಣು ಕೊಂಡುಹೋಗುತ್ತಾರೆ. ಆಮೇಲೆ ಅವರ ಮುಖ ಕಾಣುವುದಿಲ್ಲ. ನಮ್ಮಿಂದ ಅವರು ಪ್ರೊಫೆಸರ್ ಆಗುತ್ತಾರೆ, ನಮಗೇನು?

ಉತ್ತರ: ನಿಮ್ಮ ದೂರಿಗೆ ನನ್ನ ಬಳಿ ಸಮರ್ಥನೆಯಿಲ್ಲ. ಹೊಲದ ಮಣ್ಣು ಒಯ್ದವರು ಅದರ ಪರೀಕ್ಷೆಯ ಫಲಿತಾಂಶವನ್ನು, ರಸಸಾರ ಎಷ್ಟು, ರಂಜಕ ಎಷ್ಟು, ಹೋದ ಬಾರಿಗಿಂತ ಇಂಗಾಲ ಏರಿದೆಯೋ ಇಳಿದಿದೆಯೋ ಎಂಬುದನ್ನು ನಿಮಗೆ ಅರ್ಥವಾಗುವ ಭಾಷೆಯಲ್ಲಿ ಬರೆದು ತಂದುಕೊಡಬೇಕು. ಊರಿನ ನಕ್ಷೆ ಮಾಡಿದವರು ಅದರ ದೊಡ್ಡ ಪ್ರತಿಯನ್ನು ಊರಿನಲ್ಲಿ ಬಿಡಬೇಕು. ಪ್ರಕಟಣೆಗೆ ಕಳಿಸುವ ಮೊದಲು ತೀರ್ಮಾನಗಳನ್ನು ಊರಿನವರ ಮುಂದೆ ಓದಬೇಕು. ಇದರಿಂದ ಸಂಶೋಧಕರಿಗೇ ಹೆಚ್ಚು ಲಾಭ, ಏಕೆಂದರೆ ತಪ್ಪುಗಳು ಸಿಕ್ಕಿಬೀಳುವುದು ಅಲ್ಲಿಯೇ. ಯೋಜನೆ ತರುತ್ತೇವೆ, ಸಬ್ಸಿಡಿ ಕೊಡಿಸುತ್ತೇವೆ ಎಂದು ಮಾತು ಕೊಡುವವರನ್ನು ಮಾತ್ರ ನಂಬಬೇಡಿ; ಅದು ಪ್ರಾಧ್ಯಾಪಕರ ಕೈಯಲ್ಲಿರುವ ಸಂಗತಿಯಲ್ಲ.

ನೀವು ಕೇಳದ ಇನ್ನೊಂದು ಮಾತನ್ನೂ ಹೇಳಬೇಕು. ಸಂಶೋಧಕರು ಒಯ್ಯುವ ಮಾಹಿತಿ ನಿಮಗೆ ಕೆಡುಕನ್ನೂ ಮಾಡಬಹುದು. ಕಾಡಂಚಿನ ಸಾಗುವಳಿಯ ನಿಖರ ಅಕ್ಷಾಂಶ-ರೇಖಾಂಶವನ್ನು ಪ್ರಕಟಿಸಿದರೆ ಅದು ಒಕ್ಕಲೆಬ್ಬಿಸುವವರ ಕಡತಕ್ಕೆ ಸೇರಬಹುದು. ಕೊಳವೆಬಾವಿಗಳ ಲೆಕ್ಕ, ಬಾಯಿಮಾತಿನ ಗೇಣಿಯ ವಿವರ ಜಗಳಕ್ಕೆ ದಾರಿಯಾಗಬಹುದು. ಆದ್ದರಿಂದ ಹೆಸರನ್ನೂ ಜಾಗವನ್ನೂ ಮರೆಮಾಚಿ ಬರೆಯುವುದು ನಮ್ಮ ವೃತ್ತಿಯ ಕಟ್ಟುನಿಟ್ಟಿನ ನಿಯಮ. ಒಪ್ಪಿಗೆ ಕೇಳದೆ ಪ್ರಶ್ನೆ ಆರಂಭಿಸುವವರಿಗೆ, ಒಪ್ಪಿಗೆ ಕೇಳಿದರೂ ಬಿತ್ತನೆಯ ದಿನ ಬರುವವರಿಗೆ, ಆಗುವುದಿಲ್ಲ ಎನ್ನುವ ಪೂರ್ಣ ಹಕ್ಕು ನಿಮಗಿದೆ. ಬೇಸಾಯವನ್ನು ಅಧ್ಯಯನ ಮಾಡಲು ಬಂದವರಿಗೆ ಬಿತ್ತನೆಯ ದಿನ ಯಾವುದೆಂದು ತಿಳಿಯದಿದ್ದರೆ ಅವರ ಉಳಿದ ಪ್ರಶ್ನೆಗಳೂ ಆ ಮಟ್ಟದವೇ ಆಗಿರುತ್ತವೆ.

ಪ್ರಶ್ನೆ: ಪ್ರಾಧ್ಯಾಪಕರು ಸರ್ಕಾರದ ಕೃಷಿ ಮತ್ತು ಪರಿಸರ ನೀತಿಗಳ ಬಗ್ಗೆ ಬಹಿರಂಗವಾಗಿ ಮಾತನಾಡಬೇಕೇ? ಅಥವಾ ಸಂಶೋಧನೆಗಷ್ಟೇ ಸೀಮಿತವಾಗಿರಬೇಕೇ?

ಉತ್ತರ: ಮೂವರ ಬದುಕನ್ನು ನೋಡಿ ನೀವೇ ನಿರ್ಧರಿಸಿ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ದಶಕಗಳ ಕಾಲ ಭೂಗೋಳ ವಿಭಾಗವನ್ನು ನಡೆಸಿದ ಕಾರ್ಲ್ ಸಾವರ್, ಮೆಕ್ಸಿಕೊದ ಕೃಷಿಯನ್ನು ‘ಸುಧಾರಿಸುವ’ ಯೋಜನೆಯ ಬಗ್ಗೆ ಆಲೋಚಿಸುತ್ತಿದ್ದ ರಾಕ್‌ಫೆಲ್ಲರ್ ಪ್ರತಿಷ್ಠಾನಕ್ಕೆ 1941ರಲ್ಲಿಯೇ ಎಚ್ಚರಿಕೆ ಬರೆದರು. ಅಮೆರಿಕದ ಕೆಲವೇ ವಾಣಿಜ್ಯ ತಳಿಗಳನ್ನು ಹೇರಿದರೆ ಅಲ್ಲಿಯ ನಾಟಿ ತಳಿಗಳ ಸಂಪತ್ತೂ ಜನರ ಬೇಸಾಯ ಸಂಸ್ಕೃತಿಯೂ ಹಾಳಾಗುತ್ತವೆ ಎಂಬುದು ಅವರ ವಾದದ ತಿರುಳು. 1943ರಲ್ಲಿ ಆರಂಭವಾದ ಯೋಜನೆ ಅವರ ಮಾತಿನಂತೆ ನಡೆಯಲಿಲ್ಲ. ಆದರೂ ಹಸಿರು ಕ್ರಾಂತಿಯ ಚರಿತ್ರೆ ಬರೆಯುವವರು ಇಂದಿಗೂ ಆ ಪತ್ರವನ್ನು ದಾಟಿ ಹೋಗಲಾರರು.

ಅಮೆರಿಕದ ಇನ್ನೊಬ್ಬ ಭೂಗೋಳಶಾಸ್ತ್ರಜ್ಞ ಗಿಲ್ಬರ್ಟ್ ವೈಟ್ ಅವರ ದಾರಿ ಬೇರೆ. ಅಣೆಕಟ್ಟು, ಒಡ್ಡುಗಳಷ್ಟೇ ಪ್ರವಾಹಕ್ಕೆ ಪರಿಹಾರವಲ್ಲ, ಪ್ರವಾಹದ ಬಯಲನ್ನು ಜನ ಬಳಸುವ ರೀತಿಯೂ ಬದಲಾಗಬೇಕು ಎಂದು 1942ರ ತಮ್ಮ ಮಹಾಪ್ರಬಂಧದಲ್ಲಿ ವಾದಿಸಿದ ಅವರು, 1966ರಲ್ಲಿ ಅಮೆರಿಕ ಸರ್ಕಾರದ ಪ್ರವಾಹ ನೀತಿಯ ಕಾರ್ಯಪಡೆಗೆ ಅಧ್ಯಕ್ಷರಾಗಿ ಅದೇ ವಾದವನ್ನು ವರದಿಯ ರೂಪದಲ್ಲಿ ಮುಂದಿಟ್ಟರು. ಪ್ರಬಂಧದಿಂದ ನೀತಿಗೆ ಸುಮಾರು ಕಾಲು ಶತಮಾನ. ಬ್ರೆಜಿಲ್‌ನ ಜೊಸುಯೆ ದಿ ಕಾಸ್ಟ್ರೊ ವೈದ್ಯರಾಗಿದ್ದು ಭೂಗೋಳಶಾಸ್ತ್ರದ ಪ್ರಾಧ್ಯಾಪಕರಾದವರು. ಹಸಿವು ಪ್ರಕೃತಿಯ ಕೊಡುಗೆಯಲ್ಲ, ಭೂ ಒಡೆತನದ ಫಲ ಎಂದು 1946ರಲ್ಲಿ ಬರೆದು, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಮಂಡಳಿಯ ಅಧ್ಯಕ್ಷರೂ ಆದರು. 1964ರ ಸೈನಿಕ ಕ್ರಾಂತಿಯ ಬಳಿಕ ರಾಜಕೀಯ ಹಕ್ಕುಗಳನ್ನು ಕಳೆದುಕೊಂಡು ಪ್ಯಾರಿಸಿನಲ್ಲಿ ದೇಶಭ್ರಷ್ಟರಾಗಿ ಬದುಕಿ, 1973ರಲ್ಲಿ ಅಲ್ಲಿಯೇ ತೀರಿಕೊಂಡರು.

ಮೂವರೂ ಮಾತನಾಡಿದ್ದು ತಾವು ಬಹುಕಾಲ ಅಧ್ಯಯನ ಮಾಡಿದ ವಿಷಯದ ಬಗ್ಗೆ. ಎಲ್ಲ ವಿಷಯಕ್ಕೂ ಟಿ.ವಿ. ಚರ್ಚೆಯಲ್ಲಿ ಕೂರುವುದು ಬೇರೆ ವೃತ್ತಿ.

ಪ್ರಶ್ನೆ: ಭೂಗೋಳಶಾಸ್ತ್ರದ ವಿಭಾಗಗಳು ಮುಚ್ಚುತ್ತಿವೆ ಎಂದು ಕೇಳುತ್ತೇವೆ. ಈ ವಿಷಯದಲ್ಲಿ ಪಿಎಚ್.ಡಿ. ಮಾಡಿದವರಿಗೆ ಮುಂದೆ ಹುದ್ದೆ ಇರುತ್ತದೆಯೇ?

ಉತ್ತರ: ಮುಚ್ಚುವುದು ಹೊಸತಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯ 1948ರಲ್ಲಿಯೇ ತನ್ನಲ್ಲಿ ಭೂಗೋಳಶಾಸ್ತ್ರದ ಬೋಧನೆಯನ್ನು ಕೊನೆಗೊಳಿಸಿತು, ಮಿಷಿಗನ್ ವಿಶ್ವವಿದ್ಯಾಲಯ 1980ರ ದಶಕದಲ್ಲಿ ವಿಭಾಗವನ್ನು ಮುಚ್ಚಿತು. ಅದೇ ಹೊತ್ತಿನಲ್ಲಿ ಪರಿಸರ ಅಧ್ಯಯನ, ಅಭಿವೃದ್ಧಿ ಅಧ್ಯಯನ, ಸುಸ್ಥಿರತೆ, ಆಹಾರ ವ್ಯವಸ್ಥೆ ಎಂಬ ಹೆಸರಿನ ಹೊಸ ವಿಭಾಗಗಳು ತೆರೆದುಕೊಂಡು, ಅಲ್ಲಿ ಪಾಠ ಹೇಳುವವರಲ್ಲಿ ಭೂಗೋಳಶಾಸ್ತ್ರಜ್ಞರೂ ಸೇರಿಕೊಂಡರು. ಆದ್ದರಿಂದ ಹುದ್ದೆಯ ಜಾಹೀರಾತುಗಳನ್ನು ವಿಭಾಗದ ಹೆಸರಿನಿಂದ ಹುಡುಕದೆ ವಿಷಯದಿಂದ ಹುಡುಕಿ. ಸಂದರ್ಶನ ಸಮಿತಿಯಲ್ಲಿ ಒಬ್ಬರು ಮಣ್ಣಿನ ವಿಜ್ಞಾನಿ, ಇನ್ನೊಬ್ಬರು ಸಮಾಜಶಾಸ್ತ್ರಜ್ಞರು ಇರುವ ಸಾಧ್ಯತೆಯೇ ಹೆಚ್ಚು. ಮೊದಲನೆಯವರು ನಿಮ್ಮ ಮಾದರಿಗಳ ಆಳವನ್ನು ಕೇಳುತ್ತಾರೆ, ಎರಡನೆಯವರು ಆ ಹೊಲದಲ್ಲಿ ಕೂಲಿ ಮಾಡುವ ಹೆಂಗಸರನ್ನು ಮಾತನಾಡಿಸಿದಿರಾ ಎಂದು ಕೇಳುತ್ತಾರೆ. ಮಹಾಪ್ರಬಂಧದ ಕ್ಷೇತ್ರಕಾರ್ಯಕ್ಕೆ ಹೊರಡುವ ಮೊದಲೇ ಈ ಎರಡೂ ಪ್ರಶ್ನೆಗಳನ್ನು ಟಿಪ್ಪಣಿ ಪುಸ್ತಕದ ಮೊದಲ ಪುಟದಲ್ಲಿ ಬರೆದುಕೊಂಡು ಹೋಗಿ.